ಸಿಪಿಸಿ 6128ಗೆ ಪಿಸಿಯ ಹಳೇ ಫ್ಲಾಪಿ ಡ್ರೈವ್ ಹಾಕಿದ್ದೇನೆ, ‘ಡಿಸ್ಕ್ ಮಿಸ್ಸಿಂಗ್’ ಅಂತಿದೆ

ಹಳೇಕೀಲಿಮಣೆ

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಆಮ್‌ಸ್ಟ್ರಾಡ್ ಕಂಪನಿಯ ಸಿಪಿಸಿ 6128 ಅನ್ನುವ ಹಳೇ ಮನೆ ಕಂಪ್ಯೂಟರು ಇದೆ. 1985ರಲ್ಲಿ ಬಂದ ಮಾದರಿ, ಕೀಲಿಮಣೆ ಪಕ್ಕದಲ್ಲೇ 3 ಇಂಚಿನ ಡ್ರೈವ್. 3.5 ಅಲ್ಲ, 3. ಆ ಡ್ರೈವ್ ಗೊಣಗುತ್ತದೆ, ಓದುವುದಿಲ್ಲ. ರಿಪೇರಿ ಮಾಡಿದರೂ ಆ ಅಳತೆಯ ಡಿಸ್ಕ್‌ಗೆ ಎಲ್ಲಿ ಹೋಗಲಿ ಅಂತ ಯೋಚಿಸಿ, ಹಳೇ ಪಿಸಿಯಿಂದ ಬಿಚ್ಚಿದ 3.5 ಇಂಚಿನ ಡ್ರೈವನ್ನು ಹಿಂಭಾಗದ ‘ಡಿಸ್ಕ್ ಡ್ರೈವ್ 2’ ಕನೆಕ್ಟರಿಗೆ ಹಾಕಿದೆ. ಬೇರೆ ಪವರ್ ಸಪ್ಲೈಯಿಂದ 5 ವೋಲ್ಟ್ ಕೊಟ್ಟಿದ್ದೇನೆ. 34 ತಂತಿಯ ಚಪ್ಪಟೆ ಕೇಬಲ್, ಮಧ್ಯದಲ್ಲಿ ತಿರುವು ಇಲ್ಲದ ನೇರ ಕೇಬಲ್. ಕೈಪಿಡಿಯಲ್ಲಿ ಪಿನ್ 1 ಎಲ್ಲಿ ಅಂತ ನೋಡಿ ಕೆಂಪು ಗೆರೆಯನ್ನು ಸರಿಯಾಗಿ ಆ ಕಡೆಗೇ ಇಟ್ಟೆ.

ಆನ್ ಮಾಡಿದ ತಕ್ಷಣ ಡ್ರೈವಿನ ದೀಪ ಹತ್ತಿಕೊಂಡಿತು, ಆರಲೇ ಇಲ್ಲ. ಮೋಟಾರು ಸುಮ್ನೆ ಸುತ್ತುತ್ತಲೇ ಇದೆ. ಬಿ ಡ್ರೈವಿಗೆ (ಒಳಗಿನದು ಎ, ಇದು ಬಿ) ಹೋಗಿ, ಡಿಸ್ಕಿನ ಪಟ್ಟಿ ಕೇಳುವ ಕ್ಯಾಟ್ ಆದೇಶ ಕೊಟ್ಟರೆ ‘ಡ್ರೈವ್ ಬಿ: ಡಿಸ್ಕ್ ಮಿಸ್ಸಿಂಗ್’. ಡಿಸ್ಕ್ ಒಳಗೇ ಇದೆ ಮಾರಾಯ್ರೆ, ಕಣ್ಣಿಗೆ ಕಾಣುತ್ತಿದೆ. ಡ್ರೈವ್ ಸತ್ತಿದೆಯಾ?

ತಂತಿ34

ಮೊದಲು ಡಿಸ್ಕ್ ಹೊರಗೆ ತೆಗೆಯಿರಿ. ಆಮೇಲೆ ಮಾತು.

ಕೇಬಲ್ ತಲೆಕೆಳಗಾಗಿದೆ. ದೀಪ ಆರದೆ ಉರಿಯುತ್ತಿದ್ದರೆ ಹತ್ತರಲ್ಲಿ ಒಂಬತ್ತು ಸಲ ಇದೇ ಕಾರಣ. ಈ 34 ತಂತಿಯ ಜೋಡಣೆ ಶುಗಾರ್ಟ್ ಕಂಪನಿಯ ಡ್ರೈವುಗಳಿಂದ ಬಂದದ್ದು, 1976ರ 5.25 ಇಂಚಿನ ಎಸ್‌ಎ400 ಕಾಲದ ಪದ್ಧತಿ. ಇದರಲ್ಲಿ ಬೆಸ ಸಂಖ್ಯೆಯ ತಂತಿಗಳೆಲ್ಲ ಗ್ರೌಂಡ್, ಸಮ ಸಂಖ್ಯೆಯವು ಸಿಗ್ನಲ್. ಪ್ರತಿ ಸಿಗ್ನಲ್ಲೂ ಸೊನ್ನೆ ವೋಲ್ಟಿಗೆ ಇಳಿದಾಗ ‘ಹೌದು’ ಅಂತ ಅರ್ಥ. ಕೇಬಲ್ ತಿರುಗಿಸಿ ಹಾಕಿದರೆ ಡ್ರೈವಿನ ಎಲ್ಲಾ ಸಿಗ್ನಲ್ ಪಿನ್ನುಗಳೂ ಕಂಪ್ಯೂಟರಿನ ಗ್ರೌಂಡಿಗೆ ಹೋಗಿ ಕೂರುತ್ತವೆ. ಅಂದರೆ ಡ್ರೈವಿಗೆ ಒಂದೇ ಉಸಿರಿನಲ್ಲಿ ‘ನೀನೇ ಆಯ್ಕೆ, ಮೋಟಾರು ತಿರುಗಿಸು, ಬರೆ’ ಅಂತ ಹೇಳಿದ ಹಾಗೆ. ಆ ‘ಬರೆ’ ಇದೆಯಲ್ಲ, ಅದೇ ಅಪಾಯ. ಒಳಗೆ ಡಿಸ್ಕ್ ಇದ್ದು, ರೈಟ್ ಪ್ರೊಟೆಕ್ಟ್ ತೆರೆದಿಲ್ಲದಿದ್ದರೆ ಹೆಡ್ ನಿಂತ ಜಾಗದ ಟ್ರ್ಯಾಕ್ ಅಳಿಸಿಹೋಗಬಹುದು.

ತಪ್ಪು ನಿಮ್ಮದಲ್ಲ ಬಿಡಿ. ಆಮ್‌ಸ್ಟ್ರಾಡ್ ಕೈಪಿಡಿಯಲ್ಲಿ ಈ ಕನೆಕ್ಟರಿನ ಸಂಖ್ಯೆಗಳನ್ನು ಉಳಿದವರಿಗೆ ಉಲ್ಟಾ ಕೊಟ್ಟಿದ್ದಾರೆ. ಅವರ 1 ಅಂದರೆ ಡ್ರೈವಿನ 34. ಅವರ 23 ಅಂದರೆ ಡ್ರೈವಿನ 12. ಎರಡನ್ನೂ ಕೂಡಿದರೆ ಯಾವಾಗಲೂ 35 ಬರಬೇಕು, ಅಷ್ಟು ನೆನಪಿಟ್ಟುಕೊಳ್ಳಿ. ಕೆಂಪು ಗೆರೆಯನ್ನು ಅವರ 34ರ ಕಡೆಗೆ ಇಡಿ.

ಹಳೇಕೀಲಿಮಣೆ

ಅಯ್ಯೋ. ತಿರುಗಿಸಿ ಹಾಕಿದೆ, ದೀಪ ಸರಿಹೋಯಿತು. ಈಗ ಕೇಳಿದಾಗ ಮಾತ್ರ ಹತ್ತುತ್ತದೆ, ಮೋಟಾರು ಸ್ವಲ್ಪ ಹೊತ್ತು ಸುತ್ತಿ ನಿಲ್ಲುತ್ತದೆ. ಆದರೆ ಸಂದೇಶ ಅದೇ, ‘ಡಿಸ್ಕ್ ಮಿಸ್ಸಿಂಗ್’.

ಆ ಡಿಸ್ಕನ್ನು ಸ್ನೇಹಿತರೊಬ್ಬರು ಗ್ರೀಸ್‌ವೀಝಲ್ ಬೋರ್ಡಿನಲ್ಲಿ (ಈಗಿನ ಕಂಪ್ಯೂಟರಿನಿಂದ ಹಳೇ ಫ್ಲಾಪಿ ಓದಿ ಬರೆಯುವ ಸಾಧನ) ಸಿಪಿಸಿ ಡಿಸ್ಕಿನ ಇಮೇಜ್ ಫೈಲಿನಿಂದ ಬರೆದು ಕೊಟ್ಟಿದ್ದರು. ಅದು ಉಳಿದಿದೆಯೋ ಇಲ್ಲವೋ ಅನ್ನುವುದೇ ಈಗ ಚಿಂತೆ. ಒಂದೇ ಒಂದು ಇತ್ತು.

ಬೆಸುಗೆಕಡ್ಡಿ

ಡಿಸ್ಕ್ ಉಳಿದಿರಬಹುದು. ತಲೆಕೆಳಗಾದ ಕೇಬಲಿನಲ್ಲಿ ಸೈಡ್ ಸೆಲೆಕ್ಟ್ ತಂತಿಯೂ ಗ್ರೌಂಡಿಗೆ ಹೋಗಿರುತ್ತದೆ, ಹಾಗಾಗಿ ಬರೆದಿದ್ದರೆ ಎರಡನೇ ಬದಿಯ ಮೇಲೆ ಬರೆದಿರುತ್ತದೆ. ಸಿಪಿಸಿ ಬಳಸುವುದು ಮೊದಲ ಬದಿ. ನಿಮ್ಮ ಅದೃಷ್ಟ.

ಈಗ ‘ಡಿಸ್ಕ್ ಮಿಸ್ಸಿಂಗ್’ ವಿಷಯ. ಇದು ನಿಮ್ಮದೊಂದೇ ಕಂಪ್ಯೂಟರಿನ ಕಥೆ ಅಲ್ಲ, ಪಿಸಿ ಡ್ರೈವನ್ನು ಹಳೇ ಯಂತ್ರಕ್ಕೆ ಹಾಕುವ ಪ್ರತಿಯೊಬ್ಬರೂ ಇಲ್ಲೇ ಎಡವುತ್ತಾರೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಶುಗಾರ್ಟ್ ಪದ್ಧತಿಯಲ್ಲಿ 34ನೇ ತಂತಿ ‘ರೆಡಿ’. ಡಿಸ್ಕ್ ಒಳಗಿದೆ, ಸರಿಯಾದ ವೇಗದಲ್ಲಿ ಸುತ್ತುತ್ತಿದೆ, ಈಗ ಓದಬಹುದು ಅಂತ ಡ್ರೈವು ಕಂಪ್ಯೂಟರಿಗೆ ಹೇಳುವ ಮಾತು. ಪಿಸಿ ಲೋಕದಲ್ಲಿ ಅದೇ ತಂತಿಗೆ ‘ಡಿಸ್ಕ್ ಚೇಂಜ್’ ಅನ್ನುವ ಬೇರೆ ಕೆಲಸ ಕೊಟ್ಟರು. ಡಿಸ್ಕ್ ತೆಗೆದರೆ ಆ ತಂತಿ ಕೆಳಗಿಳಿಯುತ್ತದೆ, ಹೊಸ ಡಿಸ್ಕ್ ಹಾಕಿ ಹೆಡ್ ಒಂದು ಹೆಜ್ಜೆ ಸರಿದ ಮೇಲೆ ಮೇಲಕ್ಕೇರುತ್ತದೆ. ಈಗ ನೋಡಿ ತಮಾಷೆ. ಡಿಸ್ಕ್ ಒಳಗೆ ಇರುವಾಗ ಪಿಸಿ ಡ್ರೈವಿನ 34 ಮೇಲಿರುತ್ತದೆ. ಸಿಪಿಸಿಗೆ ಮೇಲೆ ಅಂದರೆ ‘ರೆಡಿ ಇಲ್ಲ’. ಒಳಗಿರುವ, ಫ್ಲಾಪಿ ಡ್ರೈವನ್ನು ನಡೆಸುವ µಪಿಡಿ765 ಕಂಟ್ರೋಲರು ಚಿಪ್ಪು ಆ ತಂತಿಯನ್ನು ನಂಬಿ ಕೂತಿದೆ. ಡಿಸ್ಕ್ ಇದ್ದಷ್ಟು ಹೊತ್ತೂ ಡಿಸ್ಕ್ ಇಲ್ಲ ಅಂತಲೇ ಅದು ಅಂದುಕೊಳ್ಳುತ್ತದೆ.

ಸುಲಭದ ಪರಿಹಾರ: ಕೇಬಲಿನ 34ನೇ ತಂತಿಯನ್ನು, ಕೆಂಪು ಗೆರೆಗೆ ಎದುರು ಅಂಚಿನದು, ಡ್ರೈವಿನ ಕಡೆ ಕತ್ತರಿಸಿ. ಕಂಪ್ಯೂಟರಿನ ಕಡೆ ಉಳಿದ ತುಂಡನ್ನು ಪಕ್ಕದ 33ಕ್ಕೆ, ಅಂದರೆ ಗ್ರೌಂಡಿಗೆ, ಸೇರಿಸಿ. ಬ್ಲೇಡಿನಿಂದ ಎರಡು ತಂತಿಗಳ ನಡುವೆ ಒಂದೆರಡು ಇಂಚು ಸೀಳಿ, ತುದಿ ಸುಲಿದು, ತಿರುಚಿ, ಒಂದು ಹನಿ ಬೆಸುಗೆ. ಮೇಲೆ ಇನ್ಸುಲೇಷನ್ ಟೇಪು. ಇದರಿಂದ ಕಂಪ್ಯೂಟರಿಗೆ ಯಾವಾಗಲೂ ‘ರೆಡಿ’ ಕಾಣುತ್ತದೆ.

ಡ್ರೈವ್ ಸೆಲೆಕ್ಟ್ (ಡಿಎಸ್), ಅಂದರೆ ಯಾವ ಡ್ರೈವನ್ನು ಕರೆಯುವುದು ಅನ್ನುವುದರ ಬಗ್ಗೆ ನೀವು ತಲೆ ಕೆಡಿಸಿಕೊಳ್ಳಬೇಕಿಲ್ಲ. ಪಿಸಿ ಡ್ರೈವುಗಳೆಲ್ಲ ಕಾರ್ಖಾನೆಯಿಂದಲೇ ಡಿಎಸ್1 ಆಗಿ ಬರುತ್ತವೆ, ಅಂದರೆ 12ನೇ ತಂತಿಗೆ ಕಿವಿ ಕೊಡುತ್ತವೆ. ಪಿಸಿ ಕೇಬಲಿನ ಆ ತಿರುವು ಇರುವುದೇ ಎರಡೂ ಡ್ರೈವುಗಳನ್ನು ಡಿಎಸ್1 ಆಗಿ ಇಟ್ಟುಕೊಂಡು ಎ, ಬಿ ಬೇರೆ ಮಾಡಲಿಕ್ಕೆ. ಸಿಪಿಸಿಯ ಹಿಂಭಾಗದ ಕನೆಕ್ಟರು ಎರಡನೇ ಡ್ರೈವನ್ನು ಕರೆಯುವುದೂ 12ರಲ್ಲೇ. ನೇರ ಕೇಬಲ್ ಸಾಕು.

ಅಮಿಗಾಮೋಹಿ

ನಡುವೆ ಬಾಯಿ ಹಾಕುತ್ತಿದ್ದೇನೆ. ಕಮೊಡೋರ್‌ನ ಅಮಿಗಾ 500 ಕಂಪ್ಯೂಟರಿನಲ್ಲಿ ಇದೇ ಗೋಳು, ಆದರೆ ರುಚಿ ಬೇರೆ. ಅದಕ್ಕೆ 34ರಲ್ಲಿ ರೆಡಿ ಬೇಕು, ಡಿಸ್ಕ್ ಚೇಂಜ್ ಕೂಡ ಬೇಕು, ಅದು 2ನೇ ತಂತಿಯಲ್ಲಿ. ಒಳಗಿನ ಡ್ರೈವ್ ಡಿಎಸ್0 ಆಗಿರಬೇಕು, ಅಂದರೆ 10ನೇ ತಂತಿ. ಹೀಗಾಗಿ ಪಿಸಿ ಡ್ರೈವಿನಲ್ಲಿ ಮೂರು ಬದಲಾವಣೆ. ಸ್ಯಾಮ್‌ಸಂಗ್ ಎಸ್‌ಎಫ್‌ಡಿ-321ಬಿ ಸಿಕ್ಕಿದರೆ ಬಿಡಬೇಡಿ, ಅದರ ಬೋರ್ಡಿನ ಮೇಲೆ ಡಿಎಸ್0/ಡಿಎಸ್1 ಮತ್ತು ರೆಡಿ/ಡಿಸ್ಕ್ ಚೇಂಜ್ ಎರಡಕ್ಕೂ ಬೆಸುಗೆಯ ಜಾಗ ಬಿಟ್ಟಿದ್ದಾರೆ.

ಡಿಸ್ಕ್ ಚೇಂಜ್ ತಂತಿಯನ್ನು ಮರೆತರೆ ಏನಾಗುತ್ತದೆ ಗೊತ್ತಾ? ಡಿಸ್ಕ್ ಬದಲಾಯಿಸಿದ್ದು ಅಮಿಗಾಗೆ ತಿಳಿಯುವುದೇ ಇಲ್ಲ. ಖಾಲಿ ಡ್ರೈವು ಟಕ್, ಟಕ್ ಅಂತ ಸದ್ದು ಮಾಡುವುದು ಇದಕ್ಕೇ, ಡಿಸ್ಕ್ ಬಂತಾ ಅಂತ ಹೆಡ್ಡನ್ನು ಒಂದೊಂದು ಹೆಜ್ಜೆ ಸರಿಸಿ ನೋಡುತ್ತಿರುತ್ತದೆ. ರೆಡಿ ಇಲ್ಲದಿದ್ದರೂ ಅಮಿಗಾದ ಡೆಸ್ಕ್‌ಟಾಪ್ ಆದ ವರ್ಕ್‌ಬೆಂಚ್ ನಡೆಯುತ್ತದೆ, ಆದರೆ ಕೆಲವು ಆಟಗಳು ಕಪ್ಪು ಪರದೆ ತೋರಿಸಿ ಕೂತುಬಿಡುತ್ತವೆ.

ಹಳೇಕೀಲಿಮಣೆ

ಬಂತು!!! 34 ಕತ್ತರಿಸಿ 33ಕ್ಕೆ ಸೇರಿಸಿದೆ, ಕ್ಯಾಟ್ ಕೊಟ್ಟೆ, ಪಟ್ಟಿ ಬಂತು. ಡಿಸ್ಕ್ ಉಳಿದಿದೆ, ಬೆಸುಗೆಕಡ್ಡಿ ಸರ್ ನಿಮ್ಮ ಬಾಯಿಗೆ ಸಕ್ಕರೆ.

ಖಾಲಿ ಡಿಸ್ಕ್ ಫಾರ್ಮ್ಯಾಟ್ ಮಾಡುವುದು ಹೇಗೆ? ಫಾರ್ಮ್ಯಾಟ್ ಮಾಡುವ ಪ್ರೋಗ್ರಾಮು ಸಿಪಿ/ಎಂ ಪ್ಲಸ್ ಅನ್ನುವ ಆಪರೇಟಿಂಗ್ ಸಿಸ್ಟಮ್ಮಿನ ಡಿಸ್ಕಿನಲ್ಲಿದೆ, ಆ ಡಿಸ್ಕ್ 3 ಇಂಚಿನದು, ಆ ಡ್ರೈವು ಓದುವುದಿಲ್ಲ. ಕೋಳಿ ಮೊದಲಾ ಮೊಟ್ಟೆ ಮೊದಲಾ ಅನ್ನೋ ಹಾಗಾಗಿದೆ.

ರಬ್ಬರ್‌ಬೆಲ್ಟ್

ನಾನು ಮೊದಲೇ ಕೇಳಬೇಕಿತ್ತು. 3 ಇಂಚಿನ ಡ್ರೈವು ಸತ್ತಿದೆ ಅಂತ ಯಾರು ಹೇಳಿದರು? ಬೆಲ್ಟ್ ನೋಡಿದಿರಾ? ಆ ಡ್ರೈವುಗಳಲ್ಲಿ ಮೋಟಾರಿನಿಂದ ಡಿಸ್ಕಿಗೆ ತಿರುವು ಹೋಗುವುದು ಒಂದು ತೆಳ್ಳನೆ ರಬ್ಬರ್ ಬೆಲ್ಟಿನಿಂದ. ಇಷ್ಟು ವರ್ಷಕ್ಕೆ ಅದು ಸಡಿಲಾಗಿರುತ್ತದೆ, ಇಲ್ಲವಾದರೆ ಕರಗಿ ಕಪ್ಪು ಅಂಟಾಗಿರುತ್ತದೆ. ನನ್ನದು ಬಿಚ್ಚಿದಾಗ ಬೆಲ್ಟ್ ಅನ್ನುವ ವಸ್ತುವೇ ಇರಲಿಲ್ಲ, ಚಕ್ರದ ಸುತ್ತ ಡಾಂಬರು ಬಳಿದ ಹಾಗಿತ್ತು. ಕೈಗೆ ಹತ್ತಿದರೆ ಎರಡು ದಿನ ಹೋಗುವುದಿಲ್ಲ.

ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ಹತ್ತಿ ಕಡ್ಡಿ ತೆಗೆದುಕೊಳ್ಳಿ. ಮೋಟಾರಿನ ಸಣ್ಣ ಗಾಲಿ, ದೊಡ್ಡ ಚಕ್ರ ಎರಡರಿಂದಲೂ ಅಂಟು ಪೂರ್ತಿ ಹೋಗಬೇಕು, ಒಂದು ಚುಕ್ಕೆ ಉಳಿದರೂ ಪ್ರತಿ ಸುತ್ತಿಗೆ ಒಂದು ಕುಲುಕು ಬಂದು ‘ರೀಡ್ ಫೇಲ್’ ಅನ್ನುತ್ತದೆ. ಹೊಸ ಬೆಲ್ಟ್ ಹಾಕಿ, ನಿಮಿಷಕ್ಕೆ 300 ಸುತ್ತಿನ ಹತ್ತಿರ ಇದೆಯಾ ನೋಡಿ. ಹೆಡ್ಡನ್ನೂ ಅದೇ ಆಲ್ಕೊಹಾಲಿನಲ್ಲಿ ಒರೆಸಿ, ಒತ್ತಿ ಉಜ್ಜಬೇಡಿ.

ಇನ್ನೊಂದು, ಇದನ್ನು ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ. ಒಳಗಿನ 3 ಇಂಚಿನ ಡ್ರೈವನ್ನು ಕಿತ್ತು ಆ ಜಾಗದಲ್ಲೇ ಬೇರೆ ಡ್ರೈವು ಕೂರಿಸುವ ಆಸೆ ಯಾರಿಗಾದರೂ ಬಂದರೆ, ಅದರ ಪವರ್ ಪ್ಲಗ್ಗಿನಲ್ಲಿ 5 ವೋಲ್ಟ್ ಮತ್ತು 12 ವೋಲ್ಟ್ ಉಳಿದ ಡ್ರೈವುಗಳಿಗೆ ಅದಲುಬದಲು. ನಾನು ನೋಡದೆ ಚುಚ್ಚಿದೆ. ಸಣ್ಣ ಟಿಕ್ ಅಂತ ಸದ್ದು, ಕಂದು ಬಣ್ಣದ ಒಂದೆಳೆ ಹೊಗೆ, ಅಷ್ಟೇ. ಒಳ್ಳೇ ಡ್ರೈವು ಹೋಯಿತು. ಮೀಟರ್ ಹಿಡಿದು ಅಳೆಯದೆ ಪವರ್ ಕೊಡಬೇಡಿ.

ಹಳೇಕೀಲಿಮಣೆ

ಬೆಲ್ಟ್ ತೆಗೆದರೆ ನೂಡಲ್ಸ್ ಥರ ಜೋತುಬಿತ್ತು. ಹೊಸದಕ್ಕೆ ಹೇಳಿದ್ದೇನೆ.

ಅಷ್ಟರಲ್ಲಿ ಒಂದು ಅನಾಹುತ. ನಿನ್ನೆ ರಾತ್ರಿ ಒಂದು ಗಂಟೆ ಕೂತು ಬೇಸಿಕ್ ಪ್ರೋಗ್ರಾಮ್ ಟೈಪ್ ಮಾಡಿದೆ. ಸೇವ್ ಕೊಟ್ಟೆ. ಬಿ ಡ್ರೈವಿನಲ್ಲಿ ಡಿಸ್ಕ್ ಹಾಕುವುದನ್ನು ಮರೆತಿದ್ದೆ. ಎರರ್ ಬರಲಿಲ್ಲ, ಏನೂ ಬರಲಿಲ್ಲ. ಮೋಟಾರು ಗುಂಯ್ ಅನ್ನುತ್ತಿದೆ, ಎಸ್ಕೇಪ್ ಒತ್ತಿದರೆ ಕೇಳುವುದಿಲ್ಲ. ಕೊನೆಗೆ ಸ್ವಿಚ್ ಆರಿಸಿದೆ, ಪ್ರೋಗ್ರಾಮೂ ಹೋಯಿತು. ಮೊದಲಾದರೆ ‘ರೀಟ್ರೈ, ಇಗ್ನೋರ್ ಆರ್ ಕ್ಯಾನ್ಸಲ್’ ಅಂತ ಕೇಳುತ್ತಿತ್ತು ಅಲ್ವಾ?

ಬೆಸುಗೆಕಡ್ಡಿ

ಛೇ, ಅದನ್ನು ನಾನು ಮೊದಲೇ ಹೇಳಬೇಕಿತ್ತು, ಕ್ಷಮಿಸಿ. ರೆಡಿಯನ್ನು ಗ್ರೌಂಡಿಗೆ ಕಟ್ಟುವುದು ಅಂದರೆ ಕಂಪ್ಯೂಟರಿಗೆ ಸುಳ್ಳು ಹೇಳುವುದು. ಡಿಸ್ಕ್ ಇಲ್ಲದಾಗಲೂ ಇದೆ ಅಂದೆವು. ಕಂಟ್ರೋಲರು ಸೆಕ್ಟರ್ ಹುಡುಕುವಾಗ ಇಂಡೆಕ್ಸ್ ಪಲ್ಸುಗಳನ್ನು (ಡಿಸ್ಕಿನ ಪ್ರತಿ ಸುತ್ತಿಗೊಮ್ಮೆ ಬರುವ ಸಂಕೇತ) ಎಣಿಸುತ್ತದೆ, ಎರಡು ಬರುವಷ್ಟರಲ್ಲಿ ಸಿಗದಿದ್ದರೆ ಕೈಬಿಡುತ್ತದೆ. ಡಿಸ್ಕೇ ಇಲ್ಲದಿದ್ದರೆ ಇಂಡೆಕ್ಸ್ ಪಲ್ಸ್ ಎಲ್ಲಿಂದ ಬರಬೇಕು? ಅದು ಕಾಯುತ್ತಲೇ ಇರುತ್ತದೆ.

ಇನ್ನೂ ಕೆಟ್ಟದ್ದು, ರೆಡಿ ತಂತಿ ಎರಡೂ ಡ್ರೈವಿಗೆ ಒಂದೇ. ನಿಮ್ಮ ಎ ಡ್ರೈವು ರಿಪೇರಿ ಆದ ಮೇಲೆ, ಅದರಲ್ಲಿ ಡಿಸ್ಕ್ ಇಲ್ಲದಿದ್ದರೂ ಇದೇ ಥರ ನೇತಾಡುತ್ತದೆ.

ಇದಕ್ಕೆ ಒಂದು ಡಯೋಡ್ ಸಾಕು. 34ರ ತುಂಡನ್ನು 33ರಿಂದ ಬಿಡಿಸಿ, ಡಯೋಡ್ ಮೂಲಕ 12ಕ್ಕೆ ಕೊಡಿ. ಗೆರೆ ಇರುವ ತುದಿ 12ರ ಕಡೆ. ಬಿ ಡ್ರೈವನ್ನು ಕರೆದಾಗ 12 ಕೆಳಗಿಳಿಯುತ್ತದೆ, ಜೊತೆಗೆ ರೆಡಿಯನ್ನೂ ಎಳೆಯುತ್ತದೆ. ಎ ಡ್ರೈವನ್ನು ಕರೆದಾಗ ಅದರ ಪಾಡಿಗೆ ಅದರ ನಿಜವಾದ ರೆಡಿ. ಮಾಮೂಲಿ 1ಎನ್4148 ಹಾಕಬೇಡಿ, ಅದರಲ್ಲಿ 0.6 ವೋಲ್ಟ್ ಉಳಿದುಬಿಡುತ್ತದೆ, ಟಿಟಿಎಲ್ ಜಾತಿಯ ಚಿಪ್ಪುಗಳಿಗೆ 0.8ರ ಕೆಳಗೆ ಹೋದರೆ ಮಾತ್ರ ಖಾತ್ರಿ, ಅಂಚಿನಲ್ಲಿ ನಡೆದ ಹಾಗೆ. ಅದಕ್ಕಿಂತ ಕಡಿಮೆ ವೋಲ್ಟ್ ಉಳಿಸುವ ಶಾಟ್ಕಿ ಡಯೋಡ್ ಹಾಕಿ.

ಬಿ ಖಾಲಿ ಇದ್ದಾಗಿನ ತೊಂದರೆ ಇದರಿಂದ ಹೋಗುವುದಿಲ್ಲ. ಅದೂ ಬೇಕು ಅಂದರೆ ನಿಜವಾದ ರೆಡಿಯನ್ನೇ ಹುಟ್ಟಿಸಬೇಕು. 300 ಸುತ್ತಿಗೆ ಇಂಡೆಕ್ಸ್ ಪಲ್ಸ್ 200 ಮಿಲಿಸೆಕೆಂಡಿಗೊಂದು. ಒಂದು 74ಎಲ್‌ಎಸ್123 ಟೈಮರ್ ಚಿಪ್ಪನ್ನು 300 ಮಿಲಿಸೆಕೆಂಡಿಗೆ ಇಟ್ಟರೆ, ಪ್ರತಿ ಪಲ್ಸಿಗೂ ಅದು ಮತ್ತೆ ಹೊಸದಾಗಿ ಎಣಿಸಲು ಶುರುಮಾಡುತ್ತದೆ. ಡಿಸ್ಕ್ ಸುತ್ತುವಷ್ಟು ಹೊತ್ತು ರೆಡಿ, ನಿಂತರೆ ಇಲ್ಲ. ಅದರ ಔಟ್‌ಪುಟ್ಟನ್ನು ನೇರ ಕೊಡದೆ, ತಂತಿಯನ್ನು ಕೆಳಗೆ ಮಾತ್ರ ಎಳೆಯುವ ಓಪನ್ ಕಲೆಕ್ಟರ್ ಮೂಲಕ ಕೊಡಿ, ಬಿ ಆಯ್ಕೆಯಾದಾಗ ಮಾತ್ರ ಮಾತಾಡುವ ಹಾಗೆ. ನಾನು ಮಾಡಿಟ್ಟಿದ್ದೇನೆ, ಹೆಬ್ಬೆರಳಿನ ಅಗಲದ ಬೋರ್ಡು.

ಸೊನ್ನೆಒಂದು

ಇಷ್ಟೆಲ್ಲ ಯಾಕೆ ಸ್ವಾಮಿ? ಫ್ಲಾಪಿ ಡ್ರೈವಿನ ಹಾಗೆ ನಟಿಸುವ ಗೋಟೆಕ್ ಒಂದು ತಗೊಂಡು, ಅದಕ್ಕೆ ಫ್ಲ್ಯಾಶ್‌ಫ್ಲಾಪಿ ಫರ್ಮ್‌ವೇರ್ ಹಾಕಿ, ಪೆನ್‌ಡ್ರೈವ್ ಚುಚ್ಚಿದರೆ ಮುಗೀತು. ಬೆಲ್ಟಿಲ್ಲ, ಹೆಡ್ಡಿಲ್ಲ, ಬೂಷ್ಟು ಹಿಡಿದ ಡಿಸ್ಕಿಲ್ಲ. ಸಾಯುತ್ತಿರುವ ವಸ್ತುವಿಗೆ ಯಾಕೆ ಗಂಟೆಗಟ್ಟಲೆ ಬೆಸುಗೆ ಹಾಕುತ್ತೀರಿ ನನಗಂತೂ ಅರ್ಥ ಆಗಲ್ಲ.

ತಂತಿ34

ಗೋಟೆಕ್ ನನ್ನ ಹತ್ತಿರವೂ ಇದೆ, ಚೆನ್ನಾಗಿದೆ, ದಿನಾ ಆಟಕ್ಕೆ ಅದೇ. ಆದರೆ ಎರಡು ಮಾತು. ಒಂದು, ಗೋಟೆಕ್ ಹಾಕಿದರೂ ಈ 34ರ ಕಥೆ ತಪ್ಪುವುದಿಲ್ಲ. ಫ್ಲ್ಯಾಶ್‌ಫ್ಲಾಪಿಯ ಸೆಟ್ಟಿಂಗ್ ಫೈಲಿನಲ್ಲಿ ಇಂಟರ್‌ಫೇಸ್ ಅಂತ ಒಂದು ಸಾಲಿದೆ ನೋಡಿ, ಶುಗಾರ್ಟ್, ಐಬಿಎಂ ಪಿಸಿ, ಅಮಿಗಾ ಅಂತೆಲ್ಲ ಆಯ್ಕೆ ಇರುವುದು 2 ಮತ್ತು 34ರಲ್ಲಿ ಏನು ಹೇಳಬೇಕು ಅನ್ನುವುದಕ್ಕೇ. ಇಲ್ಲಿ ಕತ್ತರಿಯಲ್ಲಿ ಮಾಡಿದ್ದನ್ನು ಅಲ್ಲಿ ಕೀಲಿಮಣೆಯಲ್ಲಿ ಮಾಡುತ್ತೀರಿ, ಅಷ್ಟೇ ವ್ಯತ್ಯಾಸ.

ಎರಡು, ಮನೆಯಲ್ಲಿ ಹಳೇ ಡಿಸ್ಕುಗಳ ಡಬ್ಬ ಇದ್ದವರಿಗೆ ಗೋಟೆಕ್ ಏನು ಮಾಡುತ್ತದೆ? ಅದರೊಳಗಿನದನ್ನು ಹೊರಗೆ ತೆಗೆಯಲು ನಿಜವಾದ ಡ್ರೈವು ಬೇಕೇ ಬೇಕು.

ಸೊನ್ನೆಒಂದು

ಎರಡನೆಯದು ಒಪ್ಪಿದೆ. ಮೊದಲನೆಯದಕ್ಕೆ ನನ್ನ ತಕರಾರು ಹಾಗೇ ಇದೆ. ಕೀಲಿಮಣೆಯಲ್ಲಿ ತಪ್ಪಾದರೆ ಹೊಗೆ ಬರಲ್ಲ.

ಗೂಬೆಕಣ್ಣು

ಇದೇ ಜಾಗದಲ್ಲಿ ಕೇಳಿಬಿಡುತ್ತೇನೆ. ನನ್ನದು ಬಿಬಿಸಿ ಮೈಕ್ರೊ ಕಂಪ್ಯೂಟರು, 8271 ಫ್ಲಾಪಿ ಕಂಟ್ರೋಲರು ಇರುವುದು. ಪಿಸಿಯ 5.25 ಇಂಚಿನ 1.2 ಎಂಬಿ ಡ್ರೈವು ಸಿಕ್ಕಿದೆ. ಹಾಕಬಹುದಾ? ಫಾರ್ಮ್ಯಾಟ್ ಕೊಟ್ಟರೆ ಒಂದು ಟ್ರ್ಯಾಕೂ ದಾಟುತ್ತಿಲ್ಲ.

ಬೆಸುಗೆಕಡ್ಡಿ

ವೇಗ. 1.2 ಎಂಬಿ ಡ್ರೈವು ನಿಮಿಷಕ್ಕೆ 360 ಸುತ್ತು ತಿರುಗುತ್ತದೆ, ನಿಮ್ಮ ಕಂಪ್ಯೂಟರು 300 ಅಂತ ನಂಬಿದೆ. 200 ಮಿಲಿಸೆಕೆಂಡಿನಲ್ಲಿ ಬರೆಯಬೇಕಾದ ಟ್ರ್ಯಾಕು 166ರಲ್ಲೇ ಮುಗಿದುಹೋದರೆ ಬಾಲ ಎಲ್ಲಿಗೆ ಹೋಗಬೇಕು? ಹಳೇ ಡಿಸ್ಕ್ ಓದಲು ಹೋದರೂ ಬಿಟ್ಟುಗಳು ಐದನೇ ಒಂದು ಭಾಗ ಬೇಗ ಬರುತ್ತವೆ, ಕಂಟ್ರೋಲರಿಗೆ ಹಿಡಿತ ಸಿಗುವುದಿಲ್ಲ. ಟಿಯಾಕ್ ಎಫ್‌ಡಿ-55ಜಿಎಫ್‌ಆರ್ ಥರದ್ದಾದರೆ ಜಂಪರಿನಲ್ಲಿ 300ಕ್ಕೆ ಇಳಿಸಬಹುದು. ಜಂಪರ್ ಸಾಲು ಇದೆಯಾ ಮೊದಲು ನೋಡಿ.

ಇನ್ನೂ ಒಂದು. ಅದು 80 ಟ್ರ್ಯಾಕಿನ ಡ್ರೈವು, ಹೆಡ್ ಸಪೂರ. 40 ಟ್ರ್ಯಾಕಿನ ಹಳೇ ಡಿಸ್ಕ್ ಓದಬಹುದು, ಒಂದು ಬಿಟ್ಟು ಒಂದು ಹೆಜ್ಜೆ ಹಾಕಿದರೆ. ಆದರೆ ಅದರ ಮೇಲೆ ಬರೆಯಬೇಡಿ. ಅಗಲದ ದಾರಿಯ ನಡುವೆ ಸಣ್ಣ ಗೆರೆ ಎಳೆದ ಹಾಗಾಗುತ್ತದೆ, ಎರಡೂ ಅಂಚಿನಲ್ಲಿ ಹಳೇ ಬರಹ ಉಳಿದಿರುತ್ತದೆ. ಆಮೇಲೆ 40 ಟ್ರ್ಯಾಕಿನ ಡ್ರೈವು ಓದಿದರೆ ಹಳೆಯದು ಹೊಸದು ಎರಡೂ ಕಲಸಿ ಬರುತ್ತವೆ.

ಹಳೇಕೀಲಿಮಣೆ

ಬೆಲ್ಟ್ ಬಂತು, ಹಾಕಿದೆ, ಎ ಡ್ರೈವು ಓದುತ್ತಿದೆ! ಸಿಪಿ/ಎಂ ಪ್ಲಸ್ ಏರಿತು. ಈಗ ಡಿಸ್ಕಿನ ಪ್ರಶ್ನೆ. ನನ್ನ ಹತ್ತಿರ ಇರುವುದೆಲ್ಲ 1.44 ಎಂಬಿಯ ಎಚ್‌ಡಿ (ಹೈ ಡೆನ್ಸಿಟಿ) ಡಿಸ್ಕುಗಳು. ಫಾರ್ಮ್ಯಾಟ್ ಆಗುತ್ತದೆ, ಎರಡು ದಿನ ಬಿಟ್ಟು ಓದಿದರೆ ‘ರೀಡ್ ಫೇಲ್’.

ರಬ್ಬರ್‌ಬೆಲ್ಟ್

ಎಚ್‌ಡಿ ಡಿಸ್ಕಿನ ಮೂಲೆಯಲ್ಲಿ ರೈಟ್ ಪ್ರೊಟೆಕ್ಟಿಗೆ ಎದುರು ಇನ್ನೊಂದು ತೂತು ಇದೆ ನೋಡಿ. ಡ್ರೈವು ಅದನ್ನು ಮುಟ್ಟಿ ನೋಡಿ ಎಚ್‌ಡಿ ಅಂತ ತಾನೇ ನಿರ್ಧರಿಸಿ ಬರೆಯುವ ಕರೆಂಟ್ ಬದಲಿಸುತ್ತದೆ, ಸಿಪಿಸಿ ಕಳಿಸುವುದು ಡಿಡಿ (ಡಬಲ್ ಡೆನ್ಸಿಟಿ) ವೇಗದಲ್ಲಿ. ಎರಡೂ ಬದಿಗೆ ಟೇಪ್ ಹಚ್ಚಿ ಮುಚ್ಚಿಬಿಡಿ, ಒಂದೇ ಬದಿಗೆ ಹಚ್ಚಿದರೆ ಅಂಟು ಸ್ವಿಚ್ಚಿಗೆ ಹಿಡಿದುಕೊಳ್ಳುತ್ತದೆ. ಮೊದಲು ಬಲವಾದ ಆಯಸ್ಕಾಂತ ಆಡಿಸಿ ಹಳೇ ಬರಹ ಪೂರ್ತಿ ಅಳಿಸಿ, ಆಮೇಲೆ ಫಾರ್ಮ್ಯಾಟ್ ಮಾಡಿ.

3.5ರಲ್ಲಿ ಇದು ನಡೆಯುತ್ತದೆ, ಎಚ್‌ಡಿ ಮತ್ತು ಡಿಡಿ ಲೇಪದ ಗುಣದಲ್ಲಿ ಅಂತರ ಕಡಿಮೆ. 5.25ರಲ್ಲಿ ಮಾತ್ರ ಮಾಡಬೇಡಿ ಗೂಬೆಕಣ್ಣು ಅವರೇ, ಅಲ್ಲಿ ಲೇಪದ ಕಾಂತತೆ ಬದಲಿಸಲು ಬೇಕಾದ ಬಲ ಡಿಡಿಗೆ ಸುಮಾರು 300 ಅರ್ಸ್ಟೆಡ್, ಎಚ್‌ಡಿಗೆ 600, ಡಿಡಿ ಡ್ರೈವಿನಿಂದ ಎಚ್‌ಡಿ ಡಿಸ್ಕಿಗೆ ಗಟ್ಟಿಯಾಗಿ ಬರೆಯಲು ಆಗುವುದೇ ಇಲ್ಲ.

ಹೊಸಬ64

ನನ್ನ ಹತ್ತಿರ ಕಮೊಡೋರ್ 64 ಇದೆ, ಇದೇ ಥರ 34 ತಂತಿಯ ಡ್ರೈವು ಹಾಕಬಹುದಾ ಅಣ್ಣಂದಿರೇ?

ತಂತಿ34

ಇಲ್ಲ ತಮ್ಮಾ. ಅದರ 1541 ಡ್ರೈವು ತಾನೇ ಒಂದು ಕಂಪ್ಯೂಟರು, ಒಳಗೆ 6502 ಪ್ರೊಸೆಸರ್ ಇದೆ, 64ರ ಜೊತೆ ಸೀರಿಯಲ್ ತಂತಿಯಲ್ಲಿ ಮಾತಾಡುತ್ತದೆ, ಡಿಸ್ಕಿಗೆ ಬರೆಯುವುದೂ ಜಿಸಿಆರ್ ಅನ್ನುವ ಬೇರೆ ಪದ್ಧತಿಯಲ್ಲಿ. 34 ತಂತಿ ಹಾಕಲು 64ರಲ್ಲಿ ಜಾಗವೇ ಇಲ್ಲ. ಆಪಲ್ 2ರದ್ದೂ ಬೇರೆ ಜಾತಿ, 1978ರ ಡಿಸ್ಕ್ 2ರಲ್ಲಿ ವೋಜ್ನಿಯಾಕ್ ಶುಗಾರ್ಟ್ ಡ್ರೈವಿನ ಬೋರ್ಡನ್ನೇ ತೆಗೆದು ತಮ್ಮದೊಂದು ಸಣ್ಣ ಬೋರ್ಡ್ ಹಾಕಿದರು, ಸ್ಟೆಪ್ಪರ್ ಮೋಟಾರನ್ನು ಕಂಪ್ಯೂಟರೇ ನೇರ ತಿರುಗಿಸುತ್ತದೆ. ನಿಮಗೆ ಬೇರೆ ಎಳೆ ಶುರು ಮಾಡಿ, ಬಂದು ಬರೆಯುತ್ತೇನೆ.

ಹಳೇಕೀಲಿಮಣೆ

ಕೊನೆಯ ವರದಿ. ಟೇಪ್ ಹಚ್ಚಿದ ಡಿಸ್ಕ್ ಒಂದು ವಾರ ಆಯಿತು, ಇನ್ನೂ ಓದುತ್ತಿದೆ. ಶಾಟ್ಕಿ ಡಯೋಡ್ ಹಾಕಿದೆ, ಎ ಖಾಲಿ ಇದ್ದರೆ ಈಗ ಮರ್ಯಾದೆಯಾಗಿ ‘ಡಿಸ್ಕ್ ಮಿಸ್ಸಿಂಗ್’ ಅನ್ನುತ್ತದೆ. ಈ ಸಲ ಆ ಸಂದೇಶ ನೋಡಿ ಖುಷಿಯಾಯಿತು. ಕೇಬಲಿನ 32ನೇ ತಂತಿಗೆ (ಸೈಡ್ ಸೆಲೆಕ್ಟ್) ಒಂದು ಸ್ವಿಚ್ ಕೊಟ್ಟು ಡಿಸ್ಕಿನ ಎರಡನೇ ಬದಿಯನ್ನೂ ಬಳಸುತ್ತಿದ್ದೇನೆ, ಬದಿಗೆ 178 ಕೆಬಿ. 80 ಟ್ರ್ಯಾಕೂ ಬೇಕಾದರೆ ಸಿಪಿಸಿಯ ಡಿಸ್ಕ್ ತಂತ್ರಾಂಶವಾದ ಆಮ್ಸ್‌ಡಾಸ್ ಬದಲು ಪ್ಯಾರಾಡಾಸ್ ರಾಮ್ (ROM) ಹಾಕಬೇಕಂತೆ, ಅದು ಮುಂದೆ ನೋಡೋಣ.

ಬೆಸುಗೆಕಡ್ಡಿ ಸರ್, ಆ 74ಎಲ್‌ಎಸ್123 ಬೋರ್ಡಿನ ಚಿತ್ರ ಹಾಕ್ತೀರಾ? ನಿನ್ನೆ ಮತ್ತೆ ಬಿಗೆ ಡಿಸ್ಕ್ ಹಾಕದೆ ಸೇವ್ ಕೊಟ್ಟೆ.